ಡಬ್ಬಿ ಅಮ್ಮಾವ್ರಿಗೆ, ದ್ವೀಪ ಯಜಮಾನ್ರಿಗೆ

ಹೆಂಗಸರನ್ನು ಉದ್ಯಮಿ ಮಾಡೋಕೆ ಬ್ಯಾಂಕ್ ಸಾಲ, ಮಳಿಗೆ, ಬೋರ್ಡು ಯಾವುದೂ ಬೇಡ. ಒಂದು ಸೋಫಾ, ಅಕ್ಕಪಕ್ಕದ ನಾಲ್ಕು ಜನ ಸಾಕು. ಈ ಉಪಾಯ ಹೊಳೆದದ್ದು ಅಮೆರಿಕದಲ್ಲಿ.

ಅರ್ಲ್ ಟಪ್ಪರ್ 1946ರಲ್ಲಿ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅಂದ್ರೆ ಟಪ್ಪರ್‌ವೇರ್, ಮಾರಾಟಕ್ಕಿಟ್ಟರು. ಅಂಗಡಿಗಳಲ್ಲಿ ಅವು ಧೂಳು ತಿಂದವು. ಮುಚ್ಚಳ ಒತ್ತಿ, ಅಂಚು ಚೂರು ಎತ್ತಿ, ಒಳಗಿನ ಗಾಳಿ ಹೊರಬಿಟ್ಟು ಡಬ್ಬಿಗೆ ತೇಗು ಬರಿಸಬೇಕು ಅಂತ ಗಿರಾಕಿಗೆ ಹೇಳಿಕೊಡೋರು ಯಾರು? ಹೇಳಿಕೊಟ್ಟದ್ದು ಬ್ರೌನಿ ವೈಸ್. ಗಂಡನಿಂದ ಬೇರೆಯಾಗಿ ಮಗನನ್ನು ಸಾಕುತ್ತಿದ್ದ ಹೆಂಗಸು. ಮನೆಮನೆಯಲ್ಲಿ ಪಾರ್ಟಿ ಮಾಡಿ, ತುಂಬಿದ ಡಬ್ಬಿಯನ್ನು ಎಸೆದು ತೋರಿಸುತ್ತಿದ್ದರು. ಹನಿಯೂ ಚೆಲ್ಲುತ್ತಿರಲಿಲ್ಲ. 1951ರಲ್ಲಿ ಟಪ್ಪರ್ ಅಂಗಡಿಗಳಿಂದ ಸರಕನ್ನೆಲ್ಲ ವಾಪಸ್ ತರಿಸಿ, ಬರೀ ಪಾರ್ಟಿಗಳಲ್ಲೇ ಮಾರೋದು ಅಂತ ತೀರ್ಮಾನಿಸಿದರು. ಬ್ರೌನಿ ಉಪಾಧ್ಯಕ್ಷೆಯಾದರು. 1954ರಲ್ಲಿ 'ಬಿಸಿನೆಸ್ ವೀಕ್' ಪತ್ರಿಕೆಯ ಮುಖಪುಟದಲ್ಲೂ ಬಂದರು. ಆ ಜಾಗಕ್ಕೆ ಬಂದ ಮೊದಲ ಹೆಂಗಸು.

ಫ್ಲಾರಿಡಾದಲ್ಲಿ ಕಂಪನಿಯ ಜಾತ್ರೆ ನಡೆಯುತ್ತಿತ್ತು. ಚೆನ್ನಾಗಿ ಮಾರಿದವರ ಕೈಗೆ ಸನಿಕೆ ಕೊಟ್ಟು, ನೆಲದಲ್ಲಿ ಹೂತಿಟ್ಟ ಬಹುಮಾನ ಅಗೆದುಕೊಳ್ಳಿ ಅಂತ ಬಿಡುತ್ತಿದ್ದರು. ಕೆಲವರಿಗೆ ವಾಚು, ಕೆಲವರಿಗೆ ತುಪ್ಪಳದ ಕೋಟು. (ನಮ್ಮಲ್ಲಿ ಮಣ್ಣು ಅಗೆದರೆ ಕೂಲಿ ಸಿಗುತ್ತೆ, ತಡವಾಗಿಯಾದರೂ.) ಎಷ್ಟು ಆಳಕ್ಕೆ ಅಗೆದರೂ ಕಂಪನಿಯ ಷೇರು ಮಾತ್ರ ಯಾರಿಗೂ ಸಿಗಲಿಲ್ಲ. ಬ್ರೌನಿಗೂ ಸಿಗಲಿಲ್ಲ. 1958ರಲ್ಲಿ ಅವರ ಕೈಗೆ ಒಂದು ವರ್ಷದ ಸಂಬಳವಿಟ್ಟು ಮನೆಗೆ ಕಳಿಸಿದರು. ಅದೇ ವರ್ಷ ಟಪ್ಪರ್ ಕಂಪನಿಯನ್ನು 1.6 ಕೋಟಿ ಡಾಲರಿಗೆ ಮಾರಿದರು. ಆಮೇಲೆ ಮಧ್ಯ ಅಮೆರಿಕದ ಹತ್ತಿರ ಒಂದು ದ್ವೀಪವನ್ನೇ ಕೊಂಡರು. ಡಬ್ಬಿ ಹಿಡಿಯದಷ್ಟು ದುಡ್ಡಿದ್ದರೆ ಇನ್ನೇನು ಕೊಳ್ತಾರೆ, ಅಲ್ವಾ?

ಈ ಡಬ್ಬಿ 1996ರಲ್ಲಿ ಇಂಡಿಯಾಕ್ಕೂ ಬಂತು. ಅದಕ್ಕೆ ಮೊದಲೋ ಆಮೇಲೋ ಸೋಪು, ಪುಡಿ, ಪಾತ್ರೆ, ಫಿಲ್ಟರ್ ಮಾರುವ ಬೇರೆ ಕಂಪನಿಗಳೂ ಬಂದವು. ನಮ್ಮಲ್ಲಂತೂ ಬಂಡವಾಳ ಮೊದಲೇ ರೆಡಿ ಇತ್ತು: ದಾಕ್ಷಿಣ್ಯ. ಅಂಗಡಿಯವನಿಗೆ "ಬೇಡಪ್ಪ" ಅನ್ನೋದು ಸುಲಭ. ಪಕ್ಕದ ಮನೆಯವರ ಕೇಸರಿಬಾತ್ ತಿಂದು, ಎರಡನೇ ಲೋಟ ಕಾಫಿ ಹಾಕಿಸಿಕೊಂಡ ಮೇಲೆ ಅಂದು ನೋಡಿ! ರವೆ, ತುಪ್ಪ, ಗೋಡಂಬಿಯ ಖರ್ಚೆಲ್ಲ "ನಿಮಗೆ ನೀವೇ ಬಾಸ್" ಆದ ಆ ಯಮ್ಮನದು. ಬಾಸ್ ಅಂದ್ಮೇಲೆ ಖರ್ಚು ಇದ್ದದ್ದೇ.

ಸಿಲ್ವರ್, ಗೋಲ್ಡ್, ಡೈಮಂಡ್ ಅಂತ ಬಡ್ತಿ ಬೇರೆ. ಕೊರಳಲ್ಲಿ ಮಾತ್ರ ಅದೇ ಹಳೇ ಸರ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದಿದ್ದರೆ ತಾನೇ ಒಂದಿಷ್ಟು ಕೊಂಡು ಅಟ್ಟಕ್ಕೆ ಸೇರಿಸುತ್ತಾಳೆ. ಗಂಡ ಕೇಳಿದರೆ "ಸ್ಟಾಕು" ಅಂತಾಳೆ. ಅವನು ನೆಂಟರ ಮುಂದೆ ಅದಕ್ಕೆ "ಟೈಮ್‌ಪಾಸ್" ಅಂತಾನೆ.

2024ರ ಸೆಪ್ಟೆಂಬರಿನಲ್ಲಿ ಆ ಡಬ್ಬಿ ಕಂಪನಿಯೇ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಅದರಿಂದ ನಮ್ಮ ಅಪಾರ್ಟ್‌ಮೆಂಟಿಗೆ ಏನೂ ತೊಂದರೆಯಾಗಿಲ್ಲ. ಭಾನುವಾರ ಎದುರು ಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆಗಳ ಪಾರ್ಟಿ. "ಸುಮ್ನೆ ಬನ್ನಿ ಆಂಟಿ, ತಗೊಳ್ಲೇಬೇಕು ಅಂತೇನಿಲ್ಲ" ಅಂದಿದ್ದಾರೆ. ತುಪ್ಪದ ಮೈಸೂರ್‌ಪಾಕ್ ಮಾಡ್ತಾರಂತೆ. ಅಂದ್ರೆ ತವಾ ಎರಡು ಸಾವಿರಕ್ಕೆ ಕಮ್ಮಿ ಇರಲಿಕ್ಕಿಲ್ಲ.