ಸಂಪೂರ್ಣವಾಗಿ ಒಪ್ಪುತ್ತೇನೆ

ಪ್ರೌಢಶಾಲೆಯ ಗಣಿತ ಬೋಧನೆಯಲ್ಲಿ ತಂತ್ರಜ್ಞಾನ ಎಷ್ಟು ಬಳಕೆಯಾಗುತ್ತಿದೆ ಎಂದು ತಿಳಿಯಲು ತರಗತಿಗೆ ಹೋಗಿ ನೋಡಬೇಕಾಗಿಲ್ಲ. ಶಿಕ್ಷಕರ ಮನೋಭಾವವನ್ನು ಅಳೆದರೆ ಸಾಕು. ಅದಕ್ಕೆ ಬೇಕಾದ ಅಳತೆಗೋಲನ್ನು, ಅಂದರೆ ಒಂದು ವಾಕ್ಯವನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಗುರುತು ಹಾಕಿಸುವ ಪ್ರಶ್ನಾವಳಿಯನ್ನು, ಮನೋವಿಜ್ಞಾನಿ ರೆನ್ಸಿಸ್ ಲೈಕರ್ಟ್ 1932ರಲ್ಲೇ ಕೊಟ್ಟುಹೋಗಿದ್ದಾರೆ. ‘ತಂತ್ರಜ್ಞಾನದಿಂದ ಗಣಿತ ಸುಲಭವಾಗಿ ಅರ್ಥವಾಗುತ್ತದೆ’ ಎಂಬ ವಾಕ್ಯವನ್ನು ಓದಿದ ಶಿಕ್ಷಕರು, ಬೆನ್ನ ಹಿಂದೆ ಮುಖ್ಯೋಪಾಧ್ಯಾಯರು ನಿಂತಿರುವುದನ್ನು ಗಮನಿಸಿ, ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂಬಲ್ಲಿ ಗುರುತು ಹಾಕುತ್ತಾರೆ. ಅನಂತರ ತರಗತಿಗೆ ಹೋಗಿ, ಕಪ್ಪುಹಲಗೆಯ ಮೇಲೆ ಕೈಯಿಂದಲೇ ಪರವಲಯ ಎಳೆಯುತ್ತಾರೆ. ಮನೋಭಾವ ಅತ್ಯುತ್ತಮ, ಬಳಕೆ ಅತ್ಯಲ್ಪ ಎಂದು ವರದಿ ಸಿದ್ಧವಾಗುತ್ತದೆ. ಈ ಅಂತರವನ್ನು ತುಂಬಲು ಇನ್ನೊಂದು ಪ್ರಶ್ನಾವಳಿಯೂ ಸಿದ್ಧವಾಗುತ್ತದೆ.

ಉಪಯುಕ್ತವೆಂದೂ ಸುಲಭವೆಂದೂ ತೋರಿದ ತಂತ್ರಜ್ಞಾನವನ್ನು ಜನ ಬಳಸುತ್ತಾರೆ ಎಂಬ ಮಾದರಿಯನ್ನು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಮುಂದಿಟ್ಟರು. ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಜಾಗವಿಲ್ಲ.

ಪ್ರಾಮಾಣಿಕವಾಗಿ ‘ಒಪ್ಪುವುದಿಲ್ಲ’ ಎನ್ನುವವರೂ ಇದ್ದಾರೆ. ಕ್ಯಾಲ್ಕುಲೇಟರ್ ಮಕ್ಕಳ ಬುದ್ಧಿಯನ್ನು ಮಂಕಾಗಿಸುತ್ತದೆ ಎಂಬುದು ಅವರ ದೃಢ ನಂಬಿಕೆ. ಅಷ್ಟು ಹೇಳಿ, ಅದೇ ಉಸಿರಿನಲ್ಲಿ, ಲಾಗರಿದಮ್ ಕೋಷ್ಟಕವನ್ನು ತೆರೆಯಲು ಹೇಳುತ್ತಾರೆ. ಲಾಗರಿದಮ್‌ಗಳನ್ನು ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ್ದೇ ದೀರ್ಘ ಗುಣಾಕಾರದ ಶ್ರಮವನ್ನು ತಪ್ಪಿಸಲು. ಆದರೆ ನಾಲ್ಕು ಶತಮಾನ ಹಳೆಯದಾದ ಸೋಮಾರಿತನಕ್ಕೆ ಸಂಪ್ರದಾಯವೆಂಬ ಗೌರವ ಸಲ್ಲುತ್ತದೆ. ಹಾಗೆಂದು ಈ ಶಿಕ್ಷಕರನ್ನು ಪೂರ್ತಿ ದೂರುವಂತಿಲ್ಲ. ವರ್ಷವಿಡೀ ಸಾಧನ ಬಳಸಿ ಎಂದು ಸುತ್ತೋಲೆ ಕಳುಹಿಸುವವರೇ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಅದನ್ನು ಕಿತ್ತುಕೊಳ್ಳುವಲ್ಲಿ, ಕೈಲೆಕ್ಕವನ್ನೇ ನೆಚ್ಚಿಕೊಂಡ ಶಿಕ್ಷಕರಷ್ಟು ವಿವೇಕಿಗಳು ಇನ್ಯಾರಿದ್ದಾರೆ?

ಉತ್ಸಾಹಿಗಳ ತರಗತಿ ಇನ್ನೂ ರಂಜನೀಯವಾಗಿರುತ್ತದೆ. 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಆರಂಭಿಸಿದ ಜಿಯೋಜೀಬ್ರಾ, ಗಣಿತದ ಆಕೃತಿಗಳನ್ನು ತೆರೆಯ ಮೇಲೆ ಎಳೆದು ಬದಲಿಸಿ ನೋಡುವ ತಂತ್ರಾಂಶ, ವಿದ್ಯಾರ್ಥಿಗಳ ಕೈಗೇ ಸಿಗಬೇಕಾದ ಸಾಧನ. ಇಲ್ಲಿ ಅದು ಶಿಕ್ಷಕರೊಬ್ಬರೇ ನಡೆಸುವ ಚಲನಚಿತ್ರ ಪ್ರದರ್ಶನವಾಗುತ್ತದೆ. ಪಾಠಕ್ಕೆ ಅಂಕ ಹಾಕಲು ಬಂದ ವೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ವರ್ಗ ಬಹುಪದೋಕ್ತಿಯಲ್ಲಿ x ನ ಸಹಗುಣಕಕ್ಕೆ ಜೋಡಿಸಿದ ಸ್ಲೈಡರನ್ನು ಶಿಕ್ಷಕರು ಎಳೆಯುತ್ತಾರೆ, ಪರವಲಯ ಸರಿಯುತ್ತದೆ. ಪಕ್ಕಕ್ಕಷ್ಟೇ ಸರಿಯುತ್ತದೆ ಎಂದುಕೊಂಡಿದ್ದ ಅದರ ಶೃಂಗವು ಕಣ್ಣಿಗೆ ಕಾಣದ ಇನ್ನೊಂದು ತಲೆಕೆಳಗಾದ ಪರವಲಯದ ಮೇಲೆ ಜಾರುತ್ತಿರುವಂತಿದೆ ಎಂದು ಒಬ್ಬ ವಿದ್ಯಾರ್ಥಿನಿ ಗಮನಿಸಿ, “ಸರ್, ಅದು ಯಾಕೆ ಹಾಗೆ ಹೋಗುತ್ತದೆ?” ಎಂದು ಕೇಳುತ್ತಾಳೆ. ತಂತ್ರಾಂಶ ಹುಟ್ಟಿದ್ದೇ ಇಂಥ ಪ್ರಶ್ನೆಗಾಗಿ.

“ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೊಳ್ಳಮ್ಮ” ಎನ್ನುತ್ತಾರೆ ಶಿಕ್ಷಕರು. ‘ತಂತ್ರಜ್ಞಾನದ ಸಮರ್ಥ ಬಳಕೆ’ ಎಂಬ ಕಲಮಿಗೆ ವೀಕ್ಷಕರು ಐದಕ್ಕೆ ಐದು ಅಂಕ ಕೊಟ್ಟು, ‘ತರಗತಿಯಲ್ಲಿ ಶಿಸ್ತು’ ಎಂಬಲ್ಲಿ, ಪ್ರಶ್ನೆ ಕೇಳಿದವಳ ಕಾರಣಕ್ಕೆ, ಒಂದು ಅಂಕ ಕಳೆಯುತ್ತಾರೆ.