ಏರ್ ಹಿಡಿದಿರುತ್ತೆ ಬಿಡಿ!

ಹಳೆಯ ಪಿಕಪ್‌ನ ಬ್ರೇಕ್ ಪೆಡಲ್ ಮೆತ್ತಗಾಗಿದೆ ಅಂತ ನಾಲ್ಕು ಜನರ ಎದುರು ಬಾಯಿ ಬಿಡಬಾರದು. ನಿಮ್ಮ ಮಾತು ಮುಗಿಯುವ ಮೊದಲೇ ತೀರ್ಪು ಬಂದಿರುತ್ತದೆ: "ಏರ್ ಹಿಡಿದಿರುತ್ತೆ ಬಿಡಿ!" ಜನ್ಮದಲ್ಲಿ ಬಾನೆಟ್ ಎತ್ತಿ ನೋಡದವರೂ, ಸ್ವಂತಕ್ಕೊಂದು ಸೈಕಲ್ ಇಲ್ಲದವರೂ ಇದೊಂದು ವಿಷಯದಲ್ಲಿ ಒಮ್ಮತಕ್ಕೆ ಬರುತ್ತಾರೆ. ಬೇರೆ ಯಾವುದಕ್ಕೂ ಮನುಷ್ಯರು ಇಷ್ಟು ಒಗ್ಗಟ್ಟಾಗಿದ್ದನ್ನು ನಾನು ಕಂಡಿಲ್ಲ.

ಅವರು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ. ಅದಕ್ಕೇ ನಾವು ಕಾಲಲ್ಲಿ ಒತ್ತಿದ್ದು ಮಾಸ್ಟರ್ ಸಿಲಿಂಡರ್ (ಪೆಡಲ್‌ಗೆ ಜೋಡಿಸಿದ, ಆಯಿಲ್ ತಳ್ಳುವ ಪಂಪು) ದಾಟಿ, ಪೈಪಿನಲ್ಲಿ ಹಾದು, ನೆಟ್ಟಗೆ ಚಕ್ರಕ್ಕೆ ಮುಟ್ಟುತ್ತದೆ. ಗಾಳಿ ಹಾಗಲ್ಲ, ಒತ್ತಿದರೆ ಕುಗ್ಗಿಬಿಡುತ್ತದೆ. ಪೈಪಿನೊಳಗೆ ಗುಳ್ಳೆ ಸೇರಿಕೊಂಡರೆ ಪೆಡಲ್ ಓಡಾಟದಲ್ಲಿ ಒಂದಷ್ಟು ಅದನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ಹಾಗಂತ ಮೆತ್ತಗಿನ ಪೆಡಲ್‌ಗೆಲ್ಲ ಏರ್ ಒಂದೇ ಕಾರಣ ಅಂದುಬಿಟ್ಟರೆ ಪಾಪ, ಗಾಳಿಗೆ ಅನ್ಯಾಯ.

ನನ್ನ ಪ್ರಕಾರ ಸ್ಪಾನರ್ ಮುಟ್ಟುವ ಮೊದಲು ಗಾಡಿ ನಿಲ್ಲಿಸಿಕೊಂಡು, ಸುಮ್ನೆ ಪೆಡಲ್ ಒತ್ತುತ್ತಾ ಸ್ವಲ್ಪ ಹೊತ್ತು ಕೂರಬೇಕು. ಒತ್ತಿದಾಗ ದಿಂಬು ತುಳಿದ ಹಾಗಿದ್ದರೆ ಏರ್ ಮೇಲೆ ಅನುಮಾನ ಪಡಿ. ಒಂದೇ ಸಮ ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಕೆಳಗೆ ಜಾರುತ್ತಾ ಹೋದರೆ ಆಯಿಲ್ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆ ಎಲ್ಲೂ ಸೋರಿಕೆ ಕಾಣದೆ, ಬ್ರೇಕ್ ಆಯಿಲ್ ಡಬ್ಬಿಯ ಮಟ್ಟವೂ ಇಳಿಯದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಸವೆದಿರುವ ಸಾಧ್ಯತೆ ಜಾಸ್ತಿ. ಇನ್ನೊಂದು ಬಗೆ ಇದೆ. ಮೊದಲ ಸಲ ಪೆಡಲ್ ತೀರಾ ಕೆಳಗೆ ಹೋಗುತ್ತದೆ. ತಕ್ಷಣ ಮತ್ತೆ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಏರ್ ಇದ್ದರೂ ಎರಡನೇ ಸಲ ಸ್ವಲ್ಪ ಮೇಲೆ ಬರುತ್ತದೆ, ಆದರೆ ಗಟ್ಟಿ ಆಗುವುದಿಲ್ಲ. ನಮ್ಮ ಗಾಡಿಯದ್ದು ಈ ಗಟ್ಟಿ ಆಗುವ ಜಾತಿ. ಇದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. "ಎರಡನೇ ಸಲ ಸರಿಯಾಗೇ ಹಿಡಿಯುತ್ತಲ್ಲಾ ರೀ?" ಅಂದಳು. ಸಲಹೆಗಾರರ ಸದ್ದಿನಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಪಕ್ಕದ ಮನೆಯವರು ಬಂದರು. ಎಂಜಿನ್ ಆಫ್ ಇದ್ದಾಗ ಪೆಡಲ್ ನಾಲ್ಕೈದು ಸಲ ತುಳಿದರು. ಗಟ್ಟಿಯಾಯಿತು. "ನೋಡಿ, ಸರಿ ಹೋಯ್ತು," ಅಂದರು. ಎಂಜಿನ್ ಚಾಲೂ ಮಾಡಿದಾಗ ಕಾಲಿನ ಕೆಳಗೆ ಪೆಡಲ್ ಸ್ವಲ್ಪ ಇಳಿಯಿತು. "ಅಯ್ಯೋ, ಬೂಸ್ಟರ್ ಹೋಗಿದೆ!" ಅಂತ ತಿರುಗಿಸಿದರು. ಬೂಸ್ಟರ್ ಅಂದರೆ ಎಂಜಿನ್ ಓಡುವಾಗ ನಮ್ಮ ಕಾಲಿನ ಒತ್ತಿಗೆ ಬಲ ಸೇರಿಸುವ ಭಾಗ. ಅಸಲಿಗೆ ಹಾಗೆ ಇಳಿದರೇನೇ ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಾಗುತ್ತದೆ, ಮೆತ್ತಗಾಗುವುದಿಲ್ಲ. ಇದನ್ನು ವಿವರಿಸುವಷ್ಟರಲ್ಲಿ ಅವರು ಟೈರಿನ ಹತ್ತಿರ ಹೋಗಿ ಅದನ್ನೂ ಒದ್ದು ನೋಡುತ್ತಿದ್ದರು.

ಬಾಮೈದನದು ಇನ್ನೂ ಮುಂದುವರಿದ ಸಲಹೆ, ಬ್ರೇಕ್ ಆಯಿಲ್‌ನ ದರ್ಜೆ ಹೇಳುವ ಡಾಟ್ ನಂಬರ್ ಮೇಲೆ. "ಭಾವ, ಡಾಟ್ 3 ತೆಗೆದು ಡಾಟ್ 5 ಹಾಕಿಬಿಡಿ. ಮೂರಕ್ಕಿಂತ ಐದು ಜಾಸ್ತಿ ಅಲ್ವಾ?" ಗಣಿತ ಸರಿ. ಆದರೆ ಡಾಟ್ 5 ಸಿಲಿಕೋನ್ ಆಯಿಲ್, ಡಾಟ್ 3 ಮತ್ತು 4 ಗ್ಲೈಕಾಲ್ ಜಾತಿಯವು. ಒಂದಕ್ಕೊಂದು ಬೆರೆಯುವುದಿಲ್ಲ. ತಮಾಷೆ ಏನೆಂದರೆ ಡಾಟ್ 5.1 ಮತ್ತೆ ಗ್ಲೈಕಾಲೇ. ಈ ನಂಬರ್ ಇಟ್ಟವರ ಮನೆಯಲ್ಲಿ ಮಕ್ಕಳಿಗೆ ಹೆಸರು ಹೇಗಿಟ್ಟಿರಬಹುದು ಅಂತ ನನಗೆ ಆಗಾಗ ಕುತೂಹಲ ಆಗುತ್ತದೆ.

ಆಯಿಲ್ ಅಂತೂ ಬದಲಾಯಿಸುವ ಕಾಲ ಬಂದಿತ್ತು, ಅದು ನಿಜ. ಡಬ್ಬಿಯಲ್ಲಿದ್ದದ್ದು ಕಪ್ಪಗಾಗಿತ್ತು. ಗ್ಲೈಕಾಲ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತವೆ, ಪೆಡಲ್ ಸೀದಾ ನೆಲಕ್ಕೆ. ಹಾಗಾಗಿ ಏರ್ ತೆಗೆದಂತೆಯೂ ಆಯಿತು, ಆಯಿಲ್ ಬದಲಾದಂತೆಯೂ ಆಯಿತು ಅಂತ ಗಂಡ ಹೆಂಡತಿ ಕೆಲಸಕ್ಕೆ ಇಳಿದೆವು.

ಏರ್ ತೆಗೆಯುವುದು ಇಬ್ಬರ ಕೆಲಸ. ಮದುವೆ ಗಟ್ಟಿ ಇದೆಯಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅವಳು ಸೀಟಿನಲ್ಲಿ, ನಾನು ಗಾಡಿ ಕೆಳಗೆ. ಮಾಸ್ಟರ್ ಸಿಲಿಂಡರ್‌ಗೆ ಎಲ್ಲಕ್ಕಿಂತ ದೂರದ ಹಿಂದಿನ ಚಕ್ರದಿಂದ ಶುರು. ಗಾಡಿಯಿಂದ ಗಾಡಿಗೆ ಈ ಕ್ರಮ ಬೇರೆ ಇರಬಹುದು, ಕೈಪಿಡಿ ನೋಡಿಕೊಳ್ಳಬೇಕು. ಚಕ್ರದ ಬ್ರೇಕ್‌ನಿಂದ ಆಯಿಲ್ ಹೊರಬಿಡುವ ಪುಟ್ಟ ತಿರುಪು, ಅಂದರೆ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಟ್ಟೆ. ಪೆಡಲ್ ಕೆಳಗೆ ಒಂದು ಮರದ ತುಂಡು. ಹಳೆ ಮಾಸ್ಟರ್ ಸಿಲಿಂಡರ್‌ನಲ್ಲಿ ಪಿಸ್ಟನ್ ಎಂದೂ ಹೋಗದ ತುದಿಯಲ್ಲಿ ತುಕ್ಕು ಕೂತಿರುತ್ತದೆ. ಪೆಡಲನ್ನು ನೆಲದ ತನಕ ತುಳಿದರೆ ಸೀಲ್ ಅಲ್ಲಿಗೆ ಉಜ್ಜಿ ಹರಿಯಬಹುದು.

"ಒತ್ತು!"

"ಒತ್ತಿದೆ!"

ನಿಪ್ಪಲ್ ಸಡಿಲಿಸಿದೆ. ಟ್ಯೂಬಿನಲ್ಲಿ ಕಪ್ಪು ಆಯಿಲ್ ಸರ್ರನೆ ಬಂತು. ಈಗ ನಿಪ್ಪಲ್ ಬಿಗಿ ಮಾಡುವ ತನಕ ಅವಳು ಕಾಲೆತ್ತಬಾರದು. ಎತ್ತಿದರೆ ಅದೇ ದಾರಿಯಲ್ಲಿ ಗಾಳಿ ಒಳಗೆ ಹೋಗಬಹುದು. ನಾನು "ಬಿಡಬೇಡ!" ಅಂದೆ. ಚಾಸಿಸ್, ಡಿಫರೆನ್ಷಿಯಲ್, ಸೀಟು ಎಲ್ಲ ದಾಟಿ ಅವಳಿಗೆ ತಲುಪಿದ್ದು ಮೊದಲರ್ಧ ಮಾತ್ರ. ಕಾಲೆತ್ತಿದಳು.

"ಬಿಡು ಅಂದ್ರಲ್ಲಾ ನೀವು?"

"ಬಿಡಬೇಡ ಅಂದೆ!"

"ಮತ್ತೆ 'ಹಿಡ್ಕೋ' ಅನ್ನೋಕೇನಾಗಿತ್ತು?"

ಅವಳು ಹೇಳಿದ್ದು ಸರಿ. ಆಮೇಲೆ ಒತ್ತು, ಹಿಡ್ಕೋ, ಎತ್ತು ಅಂತ ಮೂರೇ ಆಜ್ಞೆ ನಿಗದಿಯಾದವು. ನಡುನಡುವೆ ಅವಳು ಬಾನೆಟ್ ಹತ್ತಿರ ಹೋಗಿ ಡಬ್ಬಿ ಖಾಲಿಯಾಗದಂತೆ ಆಯಿಲ್ ತುಂಬಿದಳು. ಬಣ್ಣದ ಮೇಲೆ ಒಂದು ಹನಿ ಬಿದ್ದಾಗ ತಕ್ಷಣ ನೀರು ಹಾಕಿ ತೊಳೆದಳು, ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ತುಕ್ಕು ಬಿಟ್ಟರೆ ಆ ಗಾಡಿಗೆ ಇದ್ದ ಆಸ್ತಿ ಆ ಬಣ್ಣ ಒಂದೇ.

ಹಿಂದಿನ ಆಕ್ಸಲ್ ಮೇಲೆ ಸರಳಿನಿಂದ ನಡೆಯುವ ಒಂದು ವಾಲ್ವ್ ಇತ್ತು. ಎಷ್ಟೋ ಪಿಕಪ್‌ಗಳಲ್ಲಿ ಇದು ಇರುತ್ತದೆ. ಲೋಡ್ ಇದ್ದಾಗ ಹಿಂದಿನ ಬ್ರೇಕ್‌ಗೆ ಜಾಸ್ತಿ ಒತ್ತಡ, ಖಾಲಿ ಇದ್ದಾಗ ಕಮ್ಮಿ. ಏರ್ ಅಡಗಿ ಕೂರಲು ಇದು ಹೇಳಿ ಮಾಡಿಸಿದ ಜಾಗ. ಕೆಲವದಕ್ಕೆ ಪ್ರತ್ಯೇಕ ನಿಪ್ಪಲ್ಲೇ ಇರುತ್ತದೆ. ನಮ್ಮದಕ್ಕೂ ಇತ್ತು, ಅಲ್ಲಿಂದಲೂ ತೆಗೆದೆವು. ಕೊನೆಗೆ ನಾಲ್ಕೂ ಚಕ್ರದಲ್ಲಿ ಒಂದು ಗುಳ್ಳೆಯೂ ಇಲ್ಲದ ಹೊಸ ಆಯಿಲ್ ಬಂತು.

ಪೆಡಲ್ ಒತ್ತಿದೆ. ಕೆಳಗೆ ಹೋಯಿತು. ಮತ್ತೆ ಒತ್ತಿದೆ. ಮೇಲೆ ಗಟ್ಟಿಯಾಗಿ ನಿಂತಿತು. ಏನೂ ಬದಲಾಗಿರಲಿಲ್ಲ.

"ನಾನು ಹೇಳಿದ್ದೂ ಅದನ್ನೇ," ಅಂದಳು ಅವಳು. ಕೈ ಬ್ರೇಕ್ ಕಡೆ ತೋರಿಸಿ, "ಇದೂ ಕೂಡ ಮೊದಲೆಲ್ಲ ಬೇಗ ಹಿಡಿಯೋದು. ಆಮೇಲೆ ಎಳೆದಷ್ಟೂ ಬರೋಕೆ ಶುರುವಾಯ್ತು. ನೀವು ಗಾಡಿ ರಿಪೇರಿಗೆ ಬಿಟ್ಟಿದ್ರಲ್ಲ, ಅಲ್ಲಿ ಬಿಗಿ ಮಾಡಿಕೊಟ್ಟರು," ಅಂದಳು.

ಅಲ್ಲಿಗೆ ಲೆಕ್ಕ ಕೂಡಿತು. ಕಾಲು ಬ್ರೇಕೂ ಕೈ ಬ್ರೇಕೂ ಒಟ್ಟಿಗೆ ಹೋಗಿ ಸೇರುವ ಜಾಗ ಹಿಂದಿನ ಡ್ರಮ್. ಡ್ರಮ್ ಚಕ್ರದ ಜೊತೆ ತಿರುಗುತ್ತದೆ, ಒಳಗಿಂದ ಅದಕ್ಕೆ ಒತ್ತಿ ನಿಲ್ಲಿಸುವುದು ಶೂ. ಒಳಗೆ ಶೂ ಮತ್ತು ಡ್ರಮ್ ನಡುವೆ ಅಂತರ ಜಾಸ್ತಿಯಾದರೆ ಮೊದಲ ಒತ್ತು ಆ ಅಂತರ ತುಂಬುವುದಕ್ಕೇ ಮುಗಿಯುತ್ತದೆ. ಶೂ ವಾಪಸ್ ಸರಿಯುವ ಮೊದಲೇ ಮತ್ತೊಮ್ಮೆ ಒತ್ತಿದರೆ ಆಗ ಹಿಡಿಯುತ್ತದೆ.

ಚಕ್ರ ಉರುಳದಂತೆ ಅಡ್ಡ ಕೊಟ್ಟು, ಗಾಡಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ ಡ್ರಮ್ ಬಿಚ್ಚಿದೆ. ಸುಲಭವಾಗಿ ಬಂತು, ಬರಬಾರದಷ್ಟು ಸುಲಭವಾಗಿ. ಶೂ ಮೇಲಿನ ಲೈನರ್‌ನಲ್ಲಿ ಇನ್ನೂ ದಪ್ಪ ಇತ್ತು. ಶೂ ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಎತ್ತಿ ನೋಡಿದೆ, ಒಳಗೆ ಒಣಗಿತ್ತು, ಸೋರಿಕೆ ಇಲ್ಲ. ಕೆಳಗಡೆ ಹಲ್ಲಿನ ಚಕ್ರ ಇರುವ ಅಡ್ಜಸ್ಟರ್ ಮಾತ್ರ ಪೂರ್ತಿ ಒಳಕ್ಕೆ ಸರಿದು ಕೂತಿತ್ತು. ಈ ಜಾತಿಯ ಬ್ರೇಕ್‌ನಲ್ಲಿ ಹಿಂದಕ್ಕೆ ಹೋಗುತ್ತಾ ಬ್ರೇಕ್ ಹಾಕಿದಾಗ ಸನ್ನೆಗೋಲೊಂದು ಆ ಹಲ್ಲನ್ನು ತಿರುಗಿಸಿ, ಸವೆದಷ್ಟು ಅಂತರವನ್ನು ತಾನೇ ತುಂಬಿಕೊಳ್ಳುತ್ತದೆ. ಎಡಗಡೆ ಅಡ್ಜಸ್ಟರ್‌ನ ಥ್ರೆಡ್ ಒಂದು ದಿಕ್ಕಿಗೆ, ಬಲಗಡೆಯದ್ದು ಅದಕ್ಕೆ ಉಲ್ಟಾ. ಹಿಂದೆ ಶೂ ಬದಲಾಯಿಸಿದ ಪುಣ್ಯಾತ್ಮರು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಕೈ ತೊಳೆದುಕೊಂಡಿದ್ದರು. ಹಾಗಾಗಿ ನಾವು ರಿವರ್ಸ್‌ನಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಶೂ ಇನ್ನಷ್ಟು ದೂರ ಸರಿಯುತ್ತಿತ್ತು. ನಮ್ಮ ಮನೆಯೋ, ರಿವರ್ಸ್ ಹೋಗದೆ ಹೊರಗೆ ಬರಲಾಗದ ಜಾಗದಲ್ಲಿದೆ. ಬೆಳಗಾದರೆ ಗಾಡಿ ಹೊರಗೆ ತೆಗೆಯುವುದು, ಬ್ರೇಕ್ ಸಡಿಲ ಮಾಡಿಕೊಳ್ಳುವುದು, ಕೆಲಸಕ್ಕೆ ಹೊರಡುವುದು!

ಎರಡನ್ನೂ ಅದಲು ಬದಲು ಮಾಡಿ, ಡ್ರಮ್ ಕೂರಿಸಿ, ಚಕ್ರ ತಿರುಗಿಸಿದಾಗ ಲೈನರ್ ಸ್ವಲ್ಪವೇ ಸೋಕುವ ಹಾಗೆ ಹಲ್ಲು ತಿರುಗಿಸಿದೆ. ಪೆಡಲ್ ಮೊದಲ ಒತ್ತಿಗೇ ಮೇಲೆ ನಿಂತಿತು. ಅವಳು ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ನೋಡಿದಳು. ಇಳಿಯುವ ಮೊದಲು ಕೈ ಬ್ರೇಕ್ ಎಳೆದಳು. ಒಂದೇ ಎಳೆತಕ್ಕೆ ಹಿಡಿಯಿತು. ಬಿಟ್ಟಳು. ಗಾಡಿ ಅಲ್ಲಾಡಲಿಲ್ಲ. ಮೊದಲು ಶೂ ದೂರ ಇತ್ತಲ್ಲ, ಅದಕ್ಕೆ ಸರಿಯಾಗಿ ಬಿಗಿ ಮಾಡಿದ್ದ ಕೈ ಬ್ರೇಕ್ ಕೇಬಲ್ ಈಗ ಹಿಂದಿನ ಎರಡೂ ಚಕ್ರಗಳನ್ನು ತಬ್ಬಿ ಹಿಡಿದಿತ್ತು.

ನಾನು ಮತ್ತೆ ಗಾಡಿ ಕೆಳಗೆ ನುಸುಳಿದೆ. ಪಕ್ಕದ ಮನೆಯ ಗೇಟು ಕಿರ್ ಅಂದ ಸದ್ದು ಕೇಳಿಸಿತು.

"ಅವರಿಗೆ ಏನೂ ಹೇಳಬೇಡ," ಅಂದೆ ಒಳಗಿಂದ.

"ಹೇಳಲಾ?" ಅಂದಳು.