ಆ ಮಗೂಗೆ ಊಟ ಆಯ್ತಾ?

ರಕ್ತ ಕಂಡರೆ ನನಗೆ ಆಗುವುದಿಲ್ಲ. ಲ್ಯಾಬಿನಲ್ಲಿ ಸೂಜಿ ಚುಚ್ಚುವಾಗ ಗೋಡೆ ಕಡೆ ತಿರುಗಿ ಕೂರುವ ಜಾತಿ ನನ್ನದು. ಅಂಥವನು ರಾತ್ರಿ ಊಟ ಮುಗಿಸಿ ಜಪಾನಿನ ಹಳೇ ಸಮುರಾಯ್ ಸಿನಿಮಾ ಹಾಕಿಕೊಳ್ಳುತ್ತೇನೆ. ಒಂದಲ್ಲ, ಸಾಲಾಗಿ ಆರು. 'ಲೋನ್ ವುಲ್ಫ್ ಅಂಡ್ ಕಬ್' ಸರಣಿ. 1972ರ ಒಂದೇ ವರ್ಷದಲ್ಲಿ ನಾಲ್ಕು ಭಾಗ ಬಂದವು. ನಮ್ಮನೆ ಕ್ಯಾಲೆಂಡರ್ ಬದಲಾಗುವ ಮೊದಲೇ ಅಷ್ಟು ಹೆಣ!

ಕಥಾನಾಯಕ ಒಗಾಮಿ ಇಟ್ಟೊ, ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ನ ಕೈಕೆಳಗೆ ತಲೆ ಕಡಿಯುವ ಕೆಲಸದಲ್ಲಿದ್ದವನು. ಯಾಗ್ಯು ಮನೆತನದವರ ಸಂಚಿಗೆ ಹೆಂಡತಿ, ಮಾನ ಎರಡನ್ನೂ ಕಳೆದುಕೊಳ್ಳುತ್ತಾನೆ. ಅಂಬೆಗಾಲಿಡುವ ಮಗನ ಮುಂದೆ ಒಂದು ಚೆಂಡು, ಒಂದು ಕತ್ತಿ ಇಡುತ್ತಾನೆ. ಚೆಂಡು ಹಿಡಿದರೆ ಸತ್ತ ತಾಯಿ ಹತ್ತಿರ ಕಳಿಸುವುದು ಅಂತ ಲೆಕ್ಕ. ಮಗು ಕತ್ತಿ ಹಿಡಿಯುತ್ತದೆ. ಅಲ್ಲಿಂದ ಅಪ್ಪ ಮರದ ಗಾಡಿಯಲ್ಲಿ ಮಗನನ್ನು ತಳ್ಳಿಕೊಂಡು, ಕೂಲಿಗೆ ಕೊಲ್ಲುತ್ತಾ ಊರೂರು ಅಲೆಯುತ್ತಾನೆ.

ಅಮ್ಮ ಒಂದು ದಿನ ಬೆಳ್ಳುಳ್ಳಿ ಬಿಡಿಸುತ್ತಾ ಪಕ್ಕದಲ್ಲಿ ಕೂತರು. ಪರದೆ ಮೇಲೆ ತೋಳು, ಕಿವಿ, ಬೆರಳು ಉದುರುತ್ತಿದ್ದವು. ಅಮ್ಮ ಕೇಳಿದ್ದು ಒಂದೇ. "ಆ ಮಗೂಗೆ ಊಟ ಆಯ್ತೇನೋ?"

ನಾನೂ ಅದನ್ನೇ ನೋಡುತ್ತಿದ್ದೆ ಅಂತ ಆಗ ಗೊತ್ತಾಯಿತು. ರಕ್ತ ಇಲ್ಲಿ ವಾಷರ್ ಹೋದ ನಲ್ಲಿಯಂತೆ ಚಿಮ್ಮುತ್ತದೆ. 1962ರಲ್ಲಿ ಜಪಾನಿನ ನಿರ್ದೇಶಕ ಕುರೋಸಾವಾ ತನ್ನ 'ಸಂಜುರೊ' ಸಿನಿಮಾದ ಕೊನೆಗೆ ಒಂದೇ ಒಂದು ಸಲ ಹೀಗೆ ಚಿಮ್ಮಿಸಿದಾಗ ಎದೆ ಧಸಕ್ಕೆನ್ನುತ್ತದೆ. ಅದೂ ಕಪ್ಪು ಬಿಳುಪಿನಲ್ಲಿ. ಇಲ್ಲಿ ಹತ್ತನೇ ಸಲಕ್ಕೆ ನಗು, ಇಪ್ಪತ್ತನೆಯದಕ್ಕೆ ಆಕಳಿಕೆ. ಆಮೇಲೆ ಕಣ್ಣು ಸಣ್ಣಪುಟ್ಟದರ ಮೇಲೆ ನಿಲ್ಲುತ್ತದೆ.

ಎರಡನೇ ಭಾಗವನ್ನೇ ನೋಡಿ. ಅಪ್ಪ ಗಾಯಗೊಂಡು ಬಿದ್ದಿದ್ದಾನೆ. ಮಗು ದೈಗೊರೊ ಬಾಯಲ್ಲಿ ನೀರು ತುಂಬಿಕೊಂಡು ಬಂದು ಕುಡಿಸುತ್ತದೆ. ದಾರಿ ಬದಿಯ ದೇವರ ಮುಂದಿನ ನೈವೇದ್ಯ ತೆಗೆದುಕೊಂಡು, ಬದಲಿಗೆ ತನ್ನ ಅಂಗಿ ಬಿಚ್ಚಿಟ್ಟು ಬರುತ್ತದೆ. ಸಾಲ ಇಟ್ಟುಕೊಳ್ಳದ ಮಗು. ಅದೇ ಸಿನಿಮಾದ ಕೊನೆಗೆ, ಮರಳುದಿಬ್ಬದ ಮೇಲೆ, ಕುತ್ತಿಗೆ ಸೀಳಿಸಿಕೊಂಡ ಒಬ್ಬ ತನ್ನದೇ ಗಾಯದ ಸದ್ದಿಗೆ ಕಿವಿಗೊಡುತ್ತಾನೆ. ಚಳಿಗಾಲದ ಗಾಳಿಯ ಗೋಳಿನಂಥ ಸದ್ದು. ಇನ್ನೊಬ್ಬನನ್ನು ಕಡಿದು ಅದನ್ನು ಕೇಳಬೇಕು ಅಂತ ಅವನಿಗೆ ಆಸೆ ಇತ್ತಂತೆ. ಸಾಯುವಾಗ ಇಂಥ ರಸಿಕತೆ! ನಿರ್ದೇಶಕ ಕೆಂಜಿ ಮಿಸುಮಿಯನ್ನು ಬೈಯಬೇಕೋ ಹೊಗಳಬೇಕೋ ತಿಳಿಯುವುದಿಲ್ಲ.

ಕಥೆ ಮುಂದೆ ಹೋಗುವುದೇ ಇಲ್ಲ, ಗಾಡಿ ಮಾತ್ರ ಹೋಗುತ್ತದೆ. ಅದಕ್ಕೂ ಭಾಗದಿಂದ ಭಾಗಕ್ಕೆ ಹೊಸ ಸಾಮಾನು. ಮೂರನೆಯದರಲ್ಲಿ ಬಂದೂಕಿನ ನಳಿಗೆಗಳು, ಆರನೆಯದರಲ್ಲಿ ಹಿಮದ ಮೇಲೆ ಜಾರುವ ಹಲಗೆ. ಇಟ್ಟೊ ಆಗಿರುವ ಟೊಮಿಸಬುರೊ ವಕಯಾಮ ಡುಮ್ಮ ಮನುಷ್ಯ. ಬೇಕರಿ ಗಲ್ಲಾ ಮೇಲೆ ಕೂತಂತಿರುವ ಮೈ, ಕತ್ತಿ ಎತ್ತಿದರೆ ಬೆಕ್ಕು. ಅವನ ತಮ್ಮ ಶಿಂಟಾರೊ ಕತ್ಸು ಕುರುಡು ಕತ್ತಿವೀರ ಜಾಟೊಯಿಚಿಯಾಗಿ 26 ಸಿನಿಮಾ ಮಾಡಿದ. ಮನೆತನದ ಕಸುಬೇ ಮುಂದಿನ ಭಾಗ ಮಾಡುವುದು ಇರಬೇಕು.

ಆರನೆಯದು 1974ರಲ್ಲಿ ಬಂತು. ಸಾಯಲೇಬೇಕಾದ ಶತ್ರು, ಯಾಗ್ಯು ಮನೆತನದ ಮುದುಕ ರೆತ್ಸುಡೊ, ಹಿಮದಲ್ಲಿ ಜಾರಿ ತಪ್ಪಿಸಿಕೊಂಡ. ನಾನು ಟಿವಿ ಆರಿಸಿದೆ.

"ಏಳನೇದು ಹಾಕೋ," ಅಂದರು ಅಮ್ಮ.

"ಇಲ್ಲಮ್ಮ, ಅವರು ಮಾಡಲೇ ಇಲ್ಲ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಆ ಮಗು ಇನ್ನೂ ಗಾಡೀಲೇ ಇದೆ ಅನ್ನು."